ಗುಬ್ಬಿ ಮೇಲೆ ಬ್ರಹ್ಮಾಸ್ತ್ರ: ಪವರ್ ಆರ್ಮರ್ ಸಿಪಾಯಿ ಕೈಗೆ ಪುಟ್ಟ ಅಣುಬಾಂಬ್ ಕೊಟ್ಟರೆ ಆಟ ಉಳಿಯುತ್ತಾ?

ದಾಳಪ್ಪ

ಎಲ್ಲರಿಗೂ ನಮಸ್ಕಾರ. ಒಂದು ಜಗಳ ಬಗೆಹರಿಸಿಕೊಡಿ.

ನಾವು ನಾಲ್ಕು ಜನ ಭಾನುವಾರಗಳಲ್ಲಿ 6 ಮಿಲಿಮೀಟರ್ ಎತ್ತರದ ಮಿನಿಯೇಚರ್ ಗೊಂಬೆ ಇಟ್ಟುಕೊಂಡು ಸೈಫೈ ವಾರ್‌ಗೇಮ್ ಆಡುತ್ತೇವೆ. ರೂಲ್ಸ್ ನಮ್ಮದೇ, ಅಲ್ಲಿ ಇಲ್ಲಿ ಎತ್ತಿ ಕೌದಿ ಹೊಲಿದ ಹಾಗೆ ಹೊಲಿದದ್ದು. ಟೇಬಲ್ ಅಂದರೆ 6 ಅಡಿಗೆ 4 ಅಡಿ ಪ್ಲೈವುಡ್. ಎರಡೂ ಕಡೆ ಪವರ್ ಆರ್ಮರ್ ಪಡೆ. ಮೋಟಾರ್ ಕವಚ ತೊಟ್ಟು ಗುಡ್ಡದಿಂದ ಗುಡ್ಡಕ್ಕೆ ಜಿಗಿಯುವ ಸಿಪಾಯಿಗಳು.

ಹೋದ ವಾರ ಗೆಳೆಯನೊಬ್ಬ ತನ್ನ ಸ್ಕ್ವಾಡ್‌ಗೆ ಟ್ಯಾಕ್ಟಿಕಲ್ ನ್ಯೂಕ್ (ರಣರಂಗದಲ್ಲೇ ಹಾರಿಸುವ ಪುಟ್ಟ ಅಣುಬಾಂಬ್) ಬೇಕು ಅಂತ ಹಟ ಹಿಡಿದ. ಸರಿ, 40 ಪಾಯಿಂಟ್ ಕಟ್ಟು ಅಂದೆವು. ಎರಡನೇ ಟರ್ನ್‌ನಲ್ಲೇ ಹಾರಿಸಿದ. ಸ್ಫೋಟದ ವೃತ್ತ ತೋರಿಸುವ ಟೆಂಪ್ಲೇಟ್ ಇರಲಿಲ್ಲ, ಊಟದ ತಟ್ಟೆ ಕವುಚಿದೆವು. ತಟ್ಟೆ ಕೆಳಗೆ ನನ್ನ 11 ಸ್ಟ್ಯಾಂಡ್ (ಗೊಂಬೆ ಅಂಟಿಸಿದ ಪುಟ್ಟ ಹಲಗೆ). ಹನ್ನೊಂದೂ ಔಟ್. ಮೂರು ಗಂಟೆಗೆ ಶುರುವಾದ ಆಟ ಮೂರೂಕಾಲಿಗೆ ಮುಗಿಯಿತು. ಆ ಹನ್ನೊಂದಕ್ಕೆ ಬಣ್ಣ ಹಚ್ಚೋಕೆ ನನಗೆ ಮೂರು ತಿಂಗಳು ಹಿಡಿದಿತ್ತು ಸ್ವಾಮಿ!

ಈಗ ಅವನು ಹೇಳುತ್ತಾನೆ, ಪವರ್ ಆರ್ಮರ್ ಅಂದಮೇಲೆ ನ್ಯೂಕ್ ಇರಲೇಬೇಕು, ಮೂಲ ಕಥೆಯಲ್ಲೇ ಇದೆ ಅಂತ. ಇದಕ್ಕೆ ಪಾಯಿಂಟ್ ಎಷ್ಟು ಇಡಬೇಕು? ತಟ್ಟೆ ಎಷ್ಟು ದೊಡ್ಡದಿರಬೇಕು?

ಸೀಸದ ಸಿಪಾಯಿ

ಬೇಡವೇ ಬೇಡ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೆ? ನಾನು 28 ಮಿಲಿಮೀಟರ್ ಆಡುವವನು. ಒಂದು ಮನೆ, ಒಂದು ಗೋಡೆ, ಹತ್ತು ಜನ. ಅಲ್ಲಿ ಗ್ರೆನೇಡೇ ಜಾಸ್ತಿ.

ಗೋಲಿಸೋಡಾ

ಮೂರೂಕಾಲಿಗೆ ಮುಗೀತಾ? ಹಾಗಾದ್ರೆ ಕಾಫಿ ಬಿಸಿ ಇದ್ದಾಗಲೇ ಕುಡಿದಿರಿ ಬಿಡಿ. 😄

ಹೆಕ್ಸ್‌ಭಟ್ಟ

ದಾಳಪ್ಪ, ನಿಮ್ಮ ಗೆಳೆಯ ಹೇಳಿದ್ದರಲ್ಲಿ ಸುಳ್ಳಿಲ್ಲ. 1959ರಲ್ಲಿ ಬಂದ ಹೈನ್‌ಲೈನ್ ಕಾದಂಬರಿ 'ಸ್ಟಾರ್‌ಶಿಪ್ ಟ್ರೂಪರ್ಸ್'ನ ಮೊದಲ ಅಧ್ಯಾಯದಲ್ಲೇ ಕವಚಧಾರಿ ಸಿಪಾಯಿ ಪುಟ್ಟ ಅಣು ರಾಕೆಟ್ ಹಾರಿಸುತ್ತಾನೆ. ಅದರ ಬಲ 2 ಕಿಲೋಟನ್‌ಗಿಂತ ಸ್ವಲ್ಪ ಕಡಿಮೆ (1 ಕಿಲೋಟನ್ ಅಂದರೆ 1,000 ಟನ್ ಟಿಎನ್‌ಟಿ ಸಿಡಿಮದ್ದಿನ ಬಲ). 1997ರ ಸಿನಿಮಾ ನೋಡಿದವರಿಗೆ ಇದು ಗೊತ್ತಾಗೋದಿಲ್ಲ, ಅದರಲ್ಲಿ ಪವರ್ ಆರ್ಮರೇ ಇಲ್ಲ. ಕಾದಂಬರಿಯ ಮೇಲೆ ಅವಲಾನ್ ಹಿಲ್ ಕಂಪನಿಯವರು 1976ರಲ್ಲೇ ಬೋರ್ಡ್ ಗೇಮ್ ಮಾಡಿದ್ದರು.

ಆದರೆ ಇಸವಿ ಗಮನಿಸಿ, 1959. ಆ ಹೊತ್ತಿಗೆ ಅಮೆರಿಕದ ಸೈನ್ಯ ತನ್ನ ಡಿವಿಜನ್‌ಗಳನ್ನು ಕಿತ್ತು ಬೇರೆ ಥರ ಕಟ್ಟುತ್ತಿತ್ತು. ಪೆಂಟೋಮಿಕ್ ಡಿವಿಜನ್ ಅಂತಾರೆ. ಮೂರು ರೆಜಿಮೆಂಟ್ ಬದಲು ಐದು ಬ್ಯಾಟಲ್ ಗ್ರೂಪ್. ಎಲ್ಲವೂ ದೂರ ದೂರ ಇರಬೇಕು, ಒಂದೇ ಬಾಂಬಿಗೆ ಎಲ್ಲ ಸಿಗಬಾರದು ಅನ್ನೋದು ಲೆಕ್ಕ. ಅದೇ ಕಾಲದಲ್ಲಿ ತಯಾರಾಗಿ 1961ರಲ್ಲಿ ಪಡೆಗಳ ಕೈಗೆ ಬಂದದ್ದು ಡೇವಿ ಕ್ರಾಕೆಟ್. ಮೂರು ಜನ ಸೇರಿ ಹಾರಿಸುವ ಅಣು ತುಪಾಕಿ. ಮೂತಿಯ ಮೇಲೆ ಸಿಕ್ಕಿಸುವ ಗುಂಡಿನ ತೂಕ ಸುಮಾರು 34 ಕಿಲೋ, ನೋಡೋಕೆ ರೆಕ್ಕೆ ಇರುವ ಕುಂಬಳಕಾಯಿ. ಸಣ್ಣ ಮಾದರಿ 2 ಕಿಲೋಮೀಟರ್ ದೂರ ಎಸೆಯುತ್ತಿತ್ತು, ದೊಡ್ಡದು 4. ಬಲ 20 ಟನ್ ಟಿಎನ್‌ಟಿ ಆಸುಪಾಸು. ಕಿಲೋಟನ್ ಅಲ್ಲ, ಬರೀ ಟನ್! ಹಿರೋಷಿಮಾದ್ದು 15,000 ಟನ್. ಇಂಥವು 2,000ಕ್ಕೂ ಜಾಸ್ತಿ ತಯಾರಾದವು. 1962ರ ಜುಲೈ 17ರಂದು ನೆವಾಡಾದಲ್ಲಿ ಒಂದನ್ನು ನಿಜವಾಗಿಯೂ ಹಾರಿಸಿ ನೋಡಿದರು. ನೋಡೋಕೆ ರಾಬರ್ಟ್ ಕೆನಡಿ ಬಂದು ಕೂತಿದ್ದರು.

ಹಾಗಾಗಿ ಇದು ಸೈಫೈ ಬರೆಯುವವರ ತಲೆಹರಟೆ ಅಂದುಕೊಳ್ಳಬೇಡಿ. ಕಾದಂಬರಿ ಬಂದು ಎರಡೇ ವರ್ಷಕ್ಕೆ ಬರಿಮೈ ಸಿಪಾಯಿಗೇ ಕೊಟ್ಟರು. ಕವಚ ಮಾತ್ರ ಕೊಡಲಿಲ್ಲ, ಪಾಪ.

ನಿವೃತ್ತ ಮೇಷ್ಟ್ರು

ನಾನು ಫಿಸಿಕ್ಸ್ ಪಾಠ ಮಾಡಿದವನು. ಆಟ ಆಡೋದು ಮೊಮ್ಮಗ. ನನಗೆ ಹಿಡಿಸಿದ್ದು ದಾಳಪ್ಪನವರ ತಟ್ಟೆ. ಅದರ ಅಗಲ ಎಷ್ಟು?

ದಾಳಪ್ಪ

ಅಳೆದೆ ಮೇಷ್ಟ್ರೇ. 28 ಸೆಂಟಿಮೀಟರ್.

ನಿವೃತ್ತ ಮೇಷ್ಟ್ರು

ಹಾಗಾದರೆ ನಿಮ್ಮ ತಟ್ಟೆ ಚಿಕ್ಕದಾಯಿತು, ತುಂಬಾನೇ ಚಿಕ್ಕದು.

6 ಮಿಲಿಮೀಟರ್ ಗೊಂಬೆ ಅಂದರೆ ಸುಮಾರು 300ಕ್ಕೆ 1 ಅಳತೆ, ಅಲ್ವಾ? 28 ಸೆಂಟಿಮೀಟರ್ ತಟ್ಟೆ ನಿಜವಾದ ನೆಲದ ಮೇಲೆ 84 ಮೀಟರ್ ಅಗಲ. ಮಧ್ಯದಿಂದ ಅಂಚಿಗೆ 42 ಮೀಟರ್. ಭಟ್ಟರು ಹೇಳಿದ ಆ ಕುಂಬಳಕಾಯಿ ಸಿಡಿದರೆ, ಬಯಲಲ್ಲಿ ನಿಂತ ಮನುಷ್ಯನಿಗೆ 150 ಮೀಟರ್ ಒಳಗೆ ಉಳಿಗಾಲವಿಲ್ಲ. 400 ಮೀಟರ್ ಹತ್ತಿರದವರೆಗೂ ವಿಕಿರಣವೇ ಕೊಲ್ಲುವಷ್ಟಿರುತ್ತದೆ. 400 ಮೀಟರ್ ಅಂದರೆ ನಿಮ್ಮ ಟೇಬಲ್ ಮೇಲೆ 133 ಸೆಂಟಿಮೀಟರ್. ನಿಮ್ಮ ಪ್ಲೈವುಡ್‌ನ ನಟ್ಟನಡುವಿನಿಂದ ಮೂಲೆಗೆ ಇರೋದೇ 110. ಅಂದರೆ ನಡುವೆ ಸಿಡಿದರೆ ನಾಲ್ಕೂ ಮೂಲೆ ಹೋಯಿತು. ಹಾರಿಸಿದವನೂ ಹೋದ, ಟೇಬಲ್ ಪಕ್ಕದಲ್ಲಿಟ್ಟ ಚಿಪ್ಸ್ ಬಟ್ಟಲೂ ಹೋಯಿತು.

ಇದು ತೀರಾ ಸಣ್ಣದರ ಕಥೆ. ಕಾದಂಬರಿಯ 2 ಕಿಲೋಟನ್ ಇದರ ನೂರು ಪಟ್ಟು.

ಇನ್ನೊಂದು ಮಾತು. ಬಾಂಬಿನ ಬಲ ನೂರು ಪಟ್ಟು ಹೆಚ್ಚಿದರೆ ಹೊಡೆತದ ದೂರ ನೂರು ಪಟ್ಟು ಹೆಚ್ಚೋದಿಲ್ಲ, ಘನಮೂಲದ ಲೆಕ್ಕದಲ್ಲಿ ನಾಲ್ಕೂವರೆ ಪಟ್ಟು ಅಷ್ಟೇ. ಇದನ್ನೇ ತಿರುಗಿಸಿ ನೋಡಿ. ಬಾಂಬನ್ನು ಎಷ್ಟೇ ಕುಗ್ಗಿಸಿದರೂ ಹೊಡೆತದ ವೃತ್ತ ಅಷ್ಟಾಗಿ ಕುಗ್ಗೋದಿಲ್ಲ. ವಿಕಿರಣದ ವೃತ್ತ ಇನ್ನೂ ಹಟಮಾರಿ, ಅದು ಹೊಡೆತಕ್ಕಿಂತ ನಿಧಾನವಾಗಿ ಕುಗ್ಗುತ್ತದೆ. ಹಾಗಾಗಿ ಪುಟ್ಟ ಅಣುಬಾಂಬ್ ಅಂದರೆ ಪುಟ್ಟ ದೊಡ್ಡಬಾಂಬ್ ಅಲ್ಲ. ಅದು ಮುಖ್ಯವಾಗಿ ವಿಕಿರಣದ ಆಯುಧ, ಸದ್ದು ಮಾಡುವುದು ಅದರ ಉಪಕಸುಬು.

ಗೋಲಿಸೋಡಾ

ಮೇಷ್ಟ್ರೇ, ಕವಚ ಇದೆಯಲ್ಲ! ಪವರ್ ಆರ್ಮರ್ ಹಾಕಿದವನಿಗೂ 400 ಮೀಟರಾ?

ನಿವೃತ್ತ ಮೇಷ್ಟ್ರು

ಒಳ್ಳೆ ಪ್ರಶ್ನೆ ತಮ್ಮಾ. ಲೆಕ್ಕ ಹಾಕೋಣ.

ಗಾಮಾ ಕಿರಣವನ್ನು ಅರ್ಧ ಮಾಡೋಕೆ ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್ ಉಕ್ಕು ಬೇಕು. ಒಬ್ಬ ಮನುಷ್ಯನ ಮೈಚರ್ಮದ ವಿಸ್ತೀರ್ಣ ಎಲ್ಲ ಸೇರಿಸಿದರೆ ಸುಮಾರು 2 ಚದರ ಮೀಟರ್. ಅಷ್ಟಕ್ಕೂ ಎರಡೂವರೆ ಸೆಂಟಿಮೀಟರ್ ಉಕ್ಕು ಹೊದಿಸಿದರೆ 390 ಕಿಲೋ. ಇದು ಬರೀ ಅರ್ಧ ಮಾಡೋಕೆ. ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಬೇಕಾದರೆ 10 ಸೆಂಟಿಮೀಟರ್, ಅಂದರೆ ಒಂದೂವರೆ ಟನ್ ದಾಟಿತು. ನ್ಯೂಟ್ರಾನ್‌ಗೆ ಉಕ್ಕು ಅಷ್ಟಕ್ಕಷ್ಟೆ. ಅದನ್ನು ತಡೆಯೋಕೆ ಹೈಡ್ರೋಜನ್ ಇರುವ ವಸ್ತು ಬೇಕು, ನೀರು ಅಥವಾ ಪಾಲಿಥೀನ್ ಥರದ್ದು. ನಿಮ್ಮ ಸಿಪಾಯಿ ಉಕ್ಕಿನ ಅಂಗಿಯ ಒಳಗೆ ನೀರಿನ ಬನಿಯನ್ ಹಾಕಿಕೊಂಡು ಜಿಗಿಯಬೇಕು.

ಆದರೆ ಕವಚದಿಂದ ಬೇರೆ ಲಾಭ ಇದೆ. ಶಾಖ, ಹಾರಿ ಬರುವ ಕಲ್ಲು ಮಣ್ಣು, ಆಮೇಲೆ ಉದುರುವ ವಿಕಿರಣದ ಧೂಳು, ಇದಕ್ಕೆಲ್ಲ ಮುಚ್ಚಿದ ಕವಚ ಚೆನ್ನಾಗಿ ತಡೆ ಕೊಡುತ್ತದೆ. ಬಾಂಬ್ ಬಿದ್ದ ಹತ್ತು ನಿಮಿಷಕ್ಕೆ ಆ ಜಾಗ ದಾಟಿಕೊಂಡು ಹೋಗಬಹುದು. ಬರಿಮೈ ಸಿಪಾಯಿಗೆ ಅದು ಆಗದ ಮಾತು.

ಹೆಕ್ಸ್‌ಭಟ್ಟ

ಈ ಕೊನೆಯ ಮಾತೇ ಮುಖ್ಯ. ರಷ್ಯನ್ನರು ಇದನ್ನೇ ಚಕ್ರ ಚೈನು ಹಾಕಿ ಮಾಡಿದರು. 1966ರಲ್ಲಿ ಬಂದ ಬಿಎಂಪಿ-1 ಗಾಡಿ ಯಾಕೆ ಹಾಗಿದೆ ಅಂದುಕೊಂಡಿರಿ? ಗಾಳಿ ಶೋಧಿಸುವ ಯಂತ್ರ, ಒಳಗೆ ಕೂತೇ ಗುಂಡು ಹಾರಿಸೋಕೆ ಗೋಡೆಯಲ್ಲಿ ಕಿಂಡಿ. ಅಣುಬಾಂಬ್ ಬಿದ್ದ ನೆಲದ ಮೇಲೆ ಇಳಿಯದೆ ಮುಂದೆ ಹೋಗಬೇಕು ಅಂತಲೇ ಮಾಡಿದ್ದು. ಅದರ ತಮ್ಮ ಬಿಎಂಪಿ-2 ನಮ್ಮ ಸೈನ್ಯದಲ್ಲೂ ಇದೆ, 'ಸಾರಥ್' ಅಂತ ಮೇದಕ್‌ನಲ್ಲಿ ತಯಾರಾಗುತ್ತಿತ್ತು. ನನ್ನ ಪ್ರಕಾರ ಪವರ್ ಆರ್ಮರ್ ಅಂದರೆ ಒಬ್ಬನಿಗೆ ಒಂದು ಬಿಎಂಪಿ.

ಈಗ ದಾಳಪ್ಪನ ಟೇಬಲ್‌ಗೆ ಬರ್ತೀನಿ. ಇದನ್ನು ಸರಿಯಾಗಿ ಮಾಡಿದ ಆಟ ಒಂದಿದೆ: 'ಓಗರ್'. 1977, ಸ್ಟೀವ್ ಜ್ಯಾಕ್ಸನ್. ಆಗ ಬೆಲೆ 2.95 ಡಾಲರ್, ಜೇಬಲ್ಲಿ ಇಟ್ಟುಕೊಳ್ಳುವಷ್ಟು ಪುಟ್ಟ ಪೊಟ್ಟಣ. ಕಥೆ 2085ರದ್ದು. ಬೈಫೇಸ್ ಕಾರ್ಬೈಡ್ ಅನ್ನೋ ಗಟ್ಟಿ ಕವಚ ಬಂದು, ಪುಟ್ಟ ಅಣು ಗುಂಡುಗಳೇ ಮಾಮೂಲಿ ಮದ್ದುಗುಂಡು ಆಗಿಬಿಟ್ಟಿರುವ ಕಾಲ. ಒಂದು ಕಡೆ ತಾನೇ ಯೋಚಿಸುವ ದೈತ್ಯ ಟ್ಯಾಂಕ್ ಒಂದೇ ಒಂದು. ಇನ್ನೊಂದು ಕಡೆ ಟ್ಯಾಂಕ್, ತೋಪು, ಜೊತೆಗೆ 20 ಸ್ಕ್ವಾಡ್ ಪವರ್ ಆರ್ಮರ್ ಇನ್‌ಫೆಂಟ್ರಿ.

ಅಲ್ಲಿ ನ್ಯೂಕ್ ಆಟ ಕೆಡಿಸೋದಿಲ್ಲ ಯಾಕೆ ಗೊತ್ತಾ? ನಕ್ಷೆಯ ಒಂದು ಹೆಕ್ಸ್ (ಆರು ಮೂಲೆಯ ಮನೆ) ಅಂದರೆ 1,500 ಮೀಟರ್! ಮೇಷ್ಟ್ರ 400 ಮೀಟರ್ ವೃತ್ತ ಒಂದು ಹೆಕ್ಸ್ ಒಳಗೇ ಮುಗಿದುಹೋಗುತ್ತದೆ. ಒಂದು ಟರ್ನ್ 4 ನಿಮಿಷ. ಇನ್‌ಫೆಂಟ್ರಿ ಟರ್ನಿಗೆ 2 ಹೆಕ್ಸ್ ಹೋಗುತ್ತದೆ, ಅಂದರೆ 4 ನಿಮಿಷಕ್ಕೆ 3 ಕಿಲೋಮೀಟರ್, ಗಂಟೆಗೆ 45. ಗೊಂಬೆಯ ಅಳತೆ ಬೇರೆ, ನೆಲದ ಅಳತೆ ಬೇರೆ. ನೀವು ಎರಡನ್ನೂ ಒಂದೇ ಮಾಡಿಕೊಂಡಿದ್ದೀರಿ, ಅಲ್ಲೇ ಎಡವಟ್ಟಾಗಿದ್ದು.

ನಿಮ್ಮ ಟೇಬಲ್‌ಗೆ 1 ಸೆಂಟಿಮೀಟರ್‌ಗೆ 50 ಮೀಟರ್ ಅಂತ ಇಡಿ. ಆಗ ಟೇಬಲ್ ಉದ್ದ 9 ಕಿಲೋಮೀಟರ್. 150 ಮೀಟರ್ ವೃತ್ತ ಅಂದರೆ ಸ್ಟೀಲ್ ಲೋಟದ ಬಾಯಿ. 400 ಮೀಟರ್ ಅಂದರೆ ತಿಂಡಿ ತಟ್ಟೆ. ಲೋಟದ ಕೆಳಗೆ ಸಿಕ್ಕಿದವನು ಹೋದ, ತಟ್ಟೆ ಕೆಳಗೆ ಸಿಕ್ಕಿದವನು ದಾಳ ಹಾಕಲಿ. ಒಂದು ಸ್ಟ್ಯಾಂಡ್ ಅಂದರೆ ಒಬ್ಬನಲ್ಲ, ಒಂದು ಸ್ಕ್ವಾಡ್ ಅಂದುಕೊಳ್ಳಿ.

ಸೀಸದ ಸಿಪಾಯಿ

ನಾನೂ ಲೆಕ್ಕ ಹಾಕಿದೆ. ನನ್ನ 28 ಮಿಲಿಮೀಟರ್ ಟೇಬಲ್ ಇಡೀ ಉದ್ದ 110 ಮೀಟರ್. ಅಂದರೆ ನಮ್ಮ ಲೇಔಟ್‌ನ ಅರ್ಧ ರಸ್ತೆ. ನನಗೆ ಗ್ರೆನೇಡೇ ಸಾಕು, ಹೇಳಿದೆನಲ್ಲ.

ತುಂಗಾತೀರ

ಹೊಸಬ ನಾನು. ಒಂದು ಅನುಮಾನ. ಇಷ್ಟೆಲ್ಲ ಕಷ್ಟ ಯಾಕೆ, ಬಂದೂಕಿನ ಗುಂಡಿನಷ್ಟು ಚಿಕ್ಕ ಅಣುಬಾಂಬ್ ಮಾಡಬಹುದು ಅಂತ ಎಲ್ಲೋ ಓದಿದ್ದೆ. ಕ್ಯಾಲಿಫೋರ್ನಿಯಂ ಹಾಕಿ?

ನಿವೃತ್ತ ಮೇಷ್ಟ್ರು

ಅದು ಕಟ್ಟುಕಥೆ. ಸರಣಿ ಕ್ರಿಯೆ ನಡೆಯೋಕೆ ಕನಿಷ್ಠ ಇಷ್ಟು ವಸ್ತು ಬೇಕು ಅಂತ ಇದೆ. ಬರೀ ಪ್ಲುಟೋನಿಯಂ ಗುಂಡಾದರೆ 10 ಕಿಲೋ, ಸುತ್ತ ನ್ಯೂಟ್ರಾನ್ ಹಿಂದಕ್ಕೆ ತಳ್ಳುವ ಹೊದಿಕೆ ಇದ್ದರೆ ಇನ್ನೂ ಕಡಿಮೆ. ಕ್ಯಾಲಿಫೋರ್ನಿಯಂ ಆದರೂ ಲೆಕ್ಕ ಕಿಲೋದಲ್ಲೇ, ಗ್ರಾಂನಲ್ಲಿ ಅಲ್ಲ. ಮತ್ತೆ ಆ ವಸ್ತು ಜಗತ್ತಿನಲ್ಲಿ ತಯಾರಾಗೋದೇ ಚಿಟಿಕೆ ಲೆಕ್ಕದಲ್ಲಿ. ಅಮೆರಿಕದವರು ಸೈನ್ಯಕ್ಕೆ ಕೊಟ್ಟದ್ದರಲ್ಲಿ ತೀರಾ ಸಪೂರದ್ದು 155 ಮಿಲಿಮೀಟರ್ ತೋಪಿನ ಗುಂಡು, ಬಲ 72 ಟನ್. ಇಷ್ಟಕ್ಕೇ ಅವರು ಸುಸ್ತು.

ತುಂಗಾತೀರ

ಥ್ಯಾಂಕ್ಸ್ ಸರ್. ಇದು ಪಾಕಿಸ್ತಾನದ ನಸ್ರ್ ಕ್ಷಿಪಣಿ ಥರಾನಾ? 2011ರಲ್ಲಿ ಪರೀಕ್ಷೆ ಮಾಡಿದ್ದು, 60 ಕಿಲೋಮೀಟರ್ ಹೋಗುವಂಥದ್ದು? ಅದನ್ನು ಅವರು ಹಾರಿಸಿದರೆ ನಾವು...

ಅಡ್ಮಿನ್

ಇಲ್ಲಿ ನಿಲ್ಲಿಸೋಣ. ನಸ್ರ್ ಬಗ್ಗೆ ಹಳೆಯ ಚರ್ಚೆ ಒಂದಿದೆ, 300 ಉತ್ತರ ಆಗಿ ಬೀಗ ಬಿದ್ದಿದೆ. ಇಲ್ಲಿ 2085ರ ಜಗಳ ಮಾತ್ರ ಆಡಿ.

ಹಿಡಿಂಬೆ

ತಡವಾಗಿ ಬಂದೆ, ಕ್ಷಮಿಸಿ. ನನ್ನ ಹೆಸರಿನ ದೆಸೆಯಿಂದ ಈ ಮಾತು ನಾನೇ ಹೇಳಬೇಕು.

ಸೀಸದ ಸಿಪಾಯಿ ಇದನ್ನು ಬ್ರಹ್ಮಾಸ್ತ್ರ ಅಂದರು. ಅಲ್ಲ. ಇದು ಕರ್ಣನ ಶಕ್ತ್ಯಾಯುಧ. ಇಂದ್ರನಿಂದ ಬಂದದ್ದು, ಒಂದೇ ಸಲ ಬಿಡಬಹುದು. ಅರ್ಜುನನಿಗೆ ಅಂತ ಎತ್ತಿಟ್ಟುಕೊಂಡಿದ್ದಾನೆ. ಅದು ಕರ್ಣನ ಕೈಯಲ್ಲಿ ಇರುವವರೆಗೂ ಕೃಷ್ಣ ಏನು ಮಾಡಿದ? ಅರ್ಜುನನ ರಥವನ್ನು ಕರ್ಣನ ಎದುರಿಗೆ ಒಯ್ಯೋದನ್ನು ಆದಷ್ಟೂ ತಪ್ಪಿಸಿದ. ಆಯುಧ ಬಿಡದೇ ಇದ್ದರೂ ಅದು ಪ್ರತಿದಿನ ಕೆಲಸ ಮಾಡುತ್ತಿತ್ತು. ಕೊನೆಗೆ ಹದಿನಾಲ್ಕನೇ ದಿನದ ರಾತ್ರಿ ನನ್ನ ಮಗನನ್ನು ಮುಂದೆ ಬಿಟ್ಟರು. ಘಟೋತ್ಕಚ ಕೌರವ ಸೇನೆಯನ್ನು ಅರೆದು ಹಾಕುತ್ತಿದ್ದಾನೆ, ಎಲ್ಲರೂ ಕರ್ಣನ ಮೇಲೆ ಬಿದ್ದು ಬಿಡಪ್ಪಾ ಬಿಡು ಅನ್ನುತ್ತಿದ್ದಾರೆ. ಬಿಟ್ಟ. ಮಗ ಸತ್ತ, ಕೃಷ್ಣ ಕುಣಿದಾಡಿದ. ಯಾಕೆ ಅಂದರೆ ಕರ್ಣನ ಕೈ ಖಾಲಿ.

ದಾಳಪ್ಪ ಅವರೇ, ನಿಮ್ಮ ಗೆಳೆಯ ಎರಡನೇ ಟರ್ನ್‌ನಲ್ಲೇ ಬಿಟ್ಟರಲ್ಲ, ಅದು ಅವರ ತಪ್ಪಲ್ಲ, ನಿಮ್ಮ ರೂಲ್ ತಪ್ಪು. ಬೇಗ ಬಿಟ್ಟಷ್ಟೂ ಲಾಭ ಆಗುವ ಹಾಗೆ ಬರೆದಿದ್ದೀರಿ. ಎತ್ತಿಟ್ಟುಕೊಂಡರೆ ಲಾಭ ಆಗುವ ಹಾಗೆ ಬರೆಯಿರಿ. 40 ಪಾಯಿಂಟೋ 400 ಪಾಯಿಂಟೋ ಅನ್ನೋದರಿಂದ ಏನೂ ಬಗೆಹರಿಯೋದಿಲ್ಲ.

ನಾನು ಹೀಗೆ ಮಾಡುತ್ತೇನೆ. ಎರಡೂ ಕಡೆಗೆ ಮೂರು ಮೂರು ಕಾಯಿ, ಬೋರಲು ಹಾಕಿ ಮೂರು ಸ್ಕ್ವಾಡ್ ಕೆಳಗೆ ಇಡಬೇಕು. ಒಂದು ಮಾತ್ರ ನಿಜವಾದ ನ್ಯೂಕ್, ಎರಡು ಖಾಲಿ. ಯಾವ ಸ್ಕ್ವಾಡ್ ಹತ್ತಿರ ಇದೆ ಅಂತ ಎದುರಾಳಿಗೆ ಗೊತ್ತಾಗಬಾರದು. ಹಾರಿಸುವಾಗ ಗುರಿಯ ಜಾಗದಲ್ಲಿ ಗುರುತು ಇಡಬೇಕು, ಸಿಡಿಯೋದು ಎದುರಾಳಿಯ ಟರ್ನ್ ಮುಗಿದ ಮೇಲೆ. ಅವರು ಜಿಗಿದು ಓಡಬಹುದು. ಆದರೆ ಓಡಿದವನು ಆ ಟರ್ನ್‌ನಲ್ಲಿ ಗುಂಡು ಹಾರಿಸುವ ಹಾಗಿಲ್ಲ. ಖಾಲಿ ಕಾಯಿಯನ್ನೂ ಹಾರಿಸಿ ಹೆದರಿಸಬಹುದು!

ಗೋಲಿಸೋಡಾ

ಅಕ್ಕಾ, ನಿಮ್ಮ ಮಗನ ಸಾವಿನಿಂದ ಇಷ್ಟು ಚೆನ್ನಾಗಿ ರೂಲ್ಸ್ ತೆಗೆದಿರಲ್ಲ 🙏

ಹೆಕ್ಸ್‌ಭಟ್ಟ

ಖಾಲಿ ಕಾಯಿ ಹಾರಿಸೋದು ಭಲೇ ಇದೆ. ಬೇರೆ ಆಟದವರು ಈ ತಲೆನೋವಿಗೆ ಬೇರೆ ಬೇರೆ ಮದ್ದು ಮಾಡಿದ್ದಾರೆ. 'ಟ್ರಾವೆಲರ್'ನಲ್ಲಿ ಸಾಮ್ರಾಜ್ಯದ ಯುದ್ಧ ನಿಯಮ ಅಂತ ಇದೆ, ನ್ಯೂಕ್ ಬಳಸಿದರೆ ಸಾಮ್ರಾಜ್ಯವೇ ಬಂದು ಕಿವಿ ಹಿಂಡುತ್ತದೆ. ಸಾಲದ್ದಕ್ಕೆ ನ್ಯೂಕ್ಲಿಯರ್ ಡ್ಯಾಂಪರ್ ಅಂತ ಯಂತ್ರ, ಅದು ಬಾಂಬ್ ಸಿಡಿಯದ ಹಾಗೆ ಮಾಡುತ್ತದೆ. 'ಬ್ಯಾಟಲ್‌ಟೆಕ್'ನಲ್ಲಿ ನ್ಯೂಕ್ ಬಳಕೆಗೆ ಕಡಿವಾಣ ಹಾಕುವ ಏರಿಸ್ ಒಪ್ಪಂದ. ಎಲ್ಲವೂ ಒಂದೇ ಉಪಾಯ: ಕಥೆಯಲ್ಲೇ ಬಾಗಿಲು ಹಾಕಿಬಿಡೋದು. ನನಗೆ ಅದು ಸೋಮಾರಿತನ ಅನಿಸುತ್ತದೆ. ಹಿಡಿಂಬೆ ಅವರದ್ದು ಆಟದ ಒಳಗಿನ ಉತ್ತರ.

ನಿವೃತ್ತ ಮೇಷ್ಟ್ರು

ತಿಂಡಿ ತಟ್ಟೆ ಕೆಳಗಿನವರಿಗೆ ದಾಳ ಹಾಕಿ ಅಂದರು ಭಟ್ಟರು. ಅಲ್ಲಿ ಒಂದು ತಿದ್ದುಪಡಿ. ವಿಕಿರಣ ತಕ್ಷಣ ಕೊಲ್ಲೋದಿಲ್ಲ. ಸುಮಾರು 450 ರ್ಯಾಡ್ (ಮೈ ಹೀರಿದ ವಿಕಿರಣದ ಅಳತೆ) ಬಿದ್ದರೆ ಚಿಕಿತ್ಸೆ ಇಲ್ಲದಿದ್ದಾಗ ಅರ್ಧದಷ್ಟು ಜನ ಸಾಯುತ್ತಾರೆ, ಆದರೆ ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ಅಲ್ಲೇ ಕುಸಿದು ಬೀಳಬೇಕಾದರೆ ಸಾವಿರಾರು ರ್ಯಾಡ್ ಬೇಕು. ನಿಮ್ಮ ಯುದ್ಧ ಒಂದು ಗಂಟೆಯದ್ದು. ಹಾಗಾಗಿ ಹೊರವೃತ್ತದ ಸಿಪಾಯಿಗೆ ವಾಂತಿ ಬರಬಹುದು, ಕವಚದ ಎಲೆಕ್ಟ್ರಾನಿಕ್ಸ್ ಸ್ವಲ್ಪ ಹೊತ್ತು ಕೈಕೊಡಬಹುದು, ಆದರೆ ಆಟ ಮುಗಿಯುವವರೆಗೂ ಅವನು ಹೋರಾಡುತ್ತಾನೆ. ತಾನು ಸತ್ತಾಗಿದೆ ಅಂತ ಅವನಿಗೆ ಗೊತ್ತಿರುತ್ತದೆ ಅಷ್ಟೇ.

ಸೀಸದ ಸಿಪಾಯಿ

ಇದನ್ನು ಓದಿ ಊಟ ಸೇರಲಿಲ್ಲ ಮೇಷ್ಟ್ರೇ.

ದಾಳಪ್ಪ

ಎರಡು ಭಾನುವಾರ ಆಯಿತು. ನಾಲ್ಕು ಆಟ ಆಡಿ ಬಂದೆವು. ವರದಿ ಒಪ್ಪಿಸುತ್ತೇನೆ.

ನೆಲದ ಅಳತೆ ಭಟ್ಟರು ಹೇಳಿದ್ದು. ಕಾಯಿಯ ರೂಲ್ ಹಿಡಿಂಬೆ ಅವರದ್ದು. ಲೋಟದ ಕೆಳಗೆ ಸಿಕ್ಕಿದವರು ಔಟ್. ತಟ್ಟೆ ಕೆಳಗೆ ಸಿಕ್ಕಿದವರು ಒಂದು ಟರ್ನ್ ಅಲ್ಲಾಡೋ ಹಾಗಿಲ್ಲ, ಆಮೇಲೆ ಎದ್ದು ಆಡಬಹುದು, ಆದರೆ ಕೊನೆಗೆ ಸ್ಕೋರ್ ಬರೆಯುವಾಗ ಸತ್ತವರ ಲೆಕ್ಕಕ್ಕೆ. ಇದು ಮೇಷ್ಟ್ರ ಕಾಣಿಕೆ.

ನಾಲ್ಕು ಆಟದಲ್ಲಿ ನಿಜವಾದ ನ್ಯೂಕ್ ಸಿಡಿದದ್ದು ಎರಡೇ ಸಲ. ಅದರಲ್ಲಿ ಒಂದು ಬಂಡೆಯ ಮೇಲೆ ಬಿತ್ತು, ಯಾರೂ ಇರಲಿಲ್ಲ. ಆದರೆ ಟೇಬಲ್ ನೋಡಬೇಕಿತ್ತು! ಮೊದಲು ಎಲ್ಲರೂ ಒಂದೇ ಸೇತುವೆ ಹತ್ತಿರ ಸಂತೆ ಕಟ್ಟುತ್ತಿದ್ದರು. ಈಗ ಒಂದು ಸ್ಟ್ಯಾಂಡ್‌ಗೂ ಇನ್ನೊಂದಕ್ಕೂ ಗೇಣುದ್ದ ಅಂತರ. ನನ್ನ 11 ಸ್ಟ್ಯಾಂಡ್ ಇಡೀ ಪ್ಲೈವುಡ್ ತುಂಬ ರಾಗಿ ಚೆಲ್ಲಿದ ಹಾಗೆ.

ಅಲ್ಲೇ ಹೊಸ ಪೇಚು ಶುರುವಾಯಿತು. ಹಾಗೆ ಚೆಲ್ಲಿಕೊಂಡವನನ್ನು ಗೆಳೆಯ ಮಾಮೂಲಿ ಮೆಷಿನ್‌ಗನ್ ಹಿಡಿದು ಒಂದೊಂದಾಗಿ ಹೆಕ್ಕಿದ. ಒಬ್ಬರ ನೆರವಿಗೆ ಇನ್ನೊಬ್ಬರು ಬರೋಕೆ ಆಗುತ್ತಿಲ್ಲ. ಒಟ್ಟಾದರೆ ನ್ಯೂಕ್, ಚೆದುರಿದರೆ ಮೆಷಿನ್‌ಗನ್. ಮೂರನೇ ಆಟದಲ್ಲಿ ಅವನು ತನ್ನ ನ್ಯೂಕ್ ಕಾಯಿ ಮುಟ್ಟಲೇ ಇಲ್ಲ, ಬರೀ ಇಟ್ಟುಕೊಂಡೇ ಗೆದ್ದ.

ಹೆಕ್ಸ್‌ಭಟ್ಟ

ಶಹಬ್ಬಾಸ್! ಪೆಂಟೋಮಿಕ್ ಡಿವಿಜನ್‌ಗೆ ಆಗಿದ್ದೂ ಇದೇ. ಅಣುಬಾಂಬಿಗೆ ಹೆದರಿ ಚೆದುರಿದರೆ ಮಾಮೂಲಿ ಯುದ್ಧದಲ್ಲಿ ಬಲ ಸಾಲದು, ಐದು ಗುಂಪನ್ನು ಒಬ್ಬನೇ ಕಮಾಂಡರ್ ಸಂಭಾಳಿಸೋದೂ ಕಷ್ಟ. 1960ರ ದಶಕದ ಮೊದಲಲ್ಲೇ ಅದನ್ನು ಬಿಟ್ಟುಬಿಟ್ಟರು. ಡೇವಿ ಕ್ರಾಕೆಟ್ಟೂ 1971ಕ್ಕೆ ವಾಪಸ್. ಒಂದನ್ನೂ ಯುದ್ಧದಲ್ಲಿ ಹಾರಿಸಲಿಲ್ಲ.

ತುಂಗಾತೀರ

ಖಾಲಿ ಕಾಯಿ ಯಾರಾದರೂ ಹಾರಿಸಿದರಾ?

ದಾಳಪ್ಪ

ನಾನೇ. ನಾಲ್ಕನೇ ಆಟ. ಮುಖ ಗಂಭೀರ ಮಾಡಿಕೊಂಡು ಗುರುತು ಇಟ್ಟೆ. ಅವನ ಏಳು ಸ್ಕ್ವಾಡ್ ದಿಕ್ಕಾಪಾಲಾಗಿ ಓಡಿದವು, ಆ ಟರ್ನ್‌ನಲ್ಲಿ ಒಂದೂ ಗುಂಡು ಹಾರಿಸಲಿಲ್ಲ. ನನ್ನವರು ನಡೆದುಕೊಂಡು ಹೋಗಿ ಸೇತುವೆ ಹಿಡಿದರು. ಕಾಯಿ ತಿರುಗಿಸಿ ತೋರಿಸಿದಾಗ ಅವನ ಮುಖ ನೋಡಬೇಕಿತ್ತು. ಹನ್ನೊಂದು ಸ್ಟ್ಯಾಂಡ್‌ನ ಸಾಲ ತೀರಿತು.

ಹಿಡಿಂಬೆ

ಚೆನ್ನಾಗಾಯಿತು. ಗುರುತಿಗೆ ಏನು ಇಟ್ಟಿರಿ? ನಾನು ಬಟನ್ ಇಡುತ್ತೇನೆ, ನೋಡೋಕೆ ಚೂರೂ ಚೆಂದ ಇಲ್ಲ.

ದಾಳಪ್ಪ

ಹೂಬತ್ತಿ! ದೀಪಕ್ಕೆ ಹಾಕುವ ಹತ್ತಿಯ ಹೂಬತ್ತಿ ಇದೆಯಲ್ಲ, ಅದನ್ನು ತಲೆಕೆಳಗು ಮಾಡಿ ಅಂಟಿಸಿ. ಮೇಲೆ ಉಬ್ಬಿದ ಹತ್ತಿ, ಕೆಳಗೆ ಹೊಸೆದ ಕಡ್ಡಿ. ಥೇಟ್ ಅಣಬೆ ಮೋಡ. ಬುಡಕ್ಕೆ ಚೂರು ಕಿತ್ತಳೆ ಬಣ್ಣ ಹಚ್ಚಿದೆ. ಅಮ್ಮ ನಿನ್ನೆಯಿಂದ ದೇವರ ಮನೆಯಲ್ಲಿ ಹುಡುಕುತ್ತಿದ್ದಾರೆ, ಪೊಟ್ಟಣದಲ್ಲಿ ಆರು ಕಡಿಮೆ ಅಂತೆ.